ಸಾಲ್ಮನ್ ಹೊಟ್ಟೆಯಲ್ಲಿ ಉಳಿದುಕೊಂಡ ಎಣ್ಣೆ: ಮೀನಿನ ರಕ್ಷಣಾ ಕೋಶಗಳ ಒಂದು ಪ್ರಕರಣ

1990ರ ದಶಕದಲ್ಲಿ ನಾರ್ವೆಯ ಸಾಕಣೆ ಸಾಲ್ಮನ್ ಮೀನುಗಳಲ್ಲಿ ಒಂದು ಹೊಸ ತೊಂದರೆ ಕಾಣಿಸಿಕೊಂಡಿತು. ಕೆಲವು ಮೀನುಗಳ ಹೊಟ್ಟೆ ಸೀಳಿದರೆ ಕರುಳು ಸಲೀಸಾಗಿ ಹೊರಗೆ ಬರುತ್ತಿರಲಿಲ್ಲ. ಜಠರ, ಕರುಳು, ಗುಲ್ಮ, ಲಿವರ್ ಎಲ್ಲ ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಹೊಟ್ಟೆಯ ಒಳಗೋಡೆಗೂ ಅಂಟಿರುತ್ತಿದ್ದವು. ನಡುನಡುವೆ ಬಿಳಿ ಗಂಟುಗಳು, ಅಲ್ಲಲ್ಲಿ ಕಪ್ಪು ಕಲೆಗಳು. ತೀರಾ ಕೆಟ್ಟ ಮೀನುಗಳಲ್ಲಿ ಕರುಳನ್ನು ಎಳೆದರೆ ಜೊತೆಗೆ ಮಾಂಸವೂ ಕಿತ್ತು ಬರುತ್ತಿತ್ತು.

ಇದನ್ನು ಯಾವ ರೋಗಾಣುವೂ ಮಾಡಿರಲಿಲ್ಲ. ರೋಗ ಬರದಿರಲಿ ಎಂದು ಕೊಟ್ಟ ಲಸಿಕೆಯೇ ಮಾಡಿತ್ತು. ಇನ್ನೂ ನಿಖರವಾಗಿ ಹೇಳಬೇಕೆಂದರೆ, ಲಸಿಕೆಯಲ್ಲಿದ್ದ ಎಣ್ಣೆಯನ್ನು ತಿಂದು ಮುಗಿಸಲು ಹೊರಟ ಮೀನಿನದೇ ರಕ್ಷಣಾ ಕೋಶಗಳು ಮಾಡಿದ್ದವು.

ಹೊರಗಿನ ಕಣಗಳನ್ನು ಮೀನಿನ ದೇಹ ಹೇಗೆ ನಿಭಾಯಿಸುತ್ತದೆ ಎಂದು ತಿಳಿಯಬೇಕಾದರೆ ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಗೊತ್ತಿಲ್ಲ. ಒಂದೇ ಸೂಜಿಯಲ್ಲಿ ಎರಡು ಬಗೆಯ ಕಣ ಒಳಗೆ ಹೋದವು: ಕೊಂದ ಬ್ಯಾಕ್ಟೀರಿಯಾ ಮತ್ತು ಎಣ್ಣೆ ಹನಿ. ಒಂದನ್ನು ಕೋಶಗಳು ಚೊಕ್ಕವಾಗಿ ಮುಗಿಸಿದವು. ಇನ್ನೊಂದನ್ನು ಮುಗಿಸಲು ಆಗಲೇ ಇಲ್ಲ. ಮೀನಿಗೆ ರೋಗದಿಂದ ರಕ್ಷಣೆ ಸಿಕ್ಕಿದ್ದು ಆ ಎರಡನೆಯ ಕೆಲಸ ಮುಗಿಯದೆ ಉಳಿದಿದ್ದರಿಂದ.

ಎಣ್ಣೆ ಯಾಕೆ ಬೇಕಾಯಿತು

ನಾರ್ವೆಯ ಸಾಲ್ಮನ್ ಸಾಕಣೆ 1980ರ ದಶಕದಲ್ಲಿ ವೇಗವಾಗಿ ಬೆಳೆಯಿತು. ಜೊತೆಗೆ ರೋಗವೂ ಬೆಳೆಯಿತು. ಮೊದಲು ತಣ್ಣೀರಿನ ವಿಬ್ರಿಯೋಸಿಸ್ ಎಂಬ ಬ್ಯಾಕ್ಟೀರಿಯಾ ರೋಗ ಬಂತು. 1987ರಲ್ಲಿ ಅಲ್ಲಿನ ಮೀನು ಸಾಕಣೆಗೆ ಹತ್ತಿರ ಹತ್ತಿರ 50 ಟನ್ ಆ್ಯಂಟಿಬಯಾಟಿಕ್ ಸುರಿದರು. ಆ ವರ್ಷ ಸಾಕಿದ ಸಾಲ್ಮನ್ ಇದ್ದದ್ದು ಸುಮಾರು 50 ಸಾವಿರ ಟನ್. ಅಂದರೆ ಒಂದು ಟನ್ ಮೀನಿಗೆ ಹೆಚ್ಚುಕಡಿಮೆ ಒಂದು ಕಿಲೋ ಔಷಧಿ. ಈ ಲೆಕ್ಕ ಕೇಳಿದರೆ ಯಾರಿಗಾದರೂ ಗಾಬರಿಯಾಗುತ್ತದೆ, ಅಲ್ವಾ?

ವಿಬ್ರಿಯೋಸಿಸ್‌ಗೆ ಲಸಿಕೆ ಬಂತು. ಕೊಂದ ಬ್ಯಾಕ್ಟೀರಿಯಾವನ್ನು ನೀರಿನಂಥ ದ್ರಾವಣದಲ್ಲಿ ಬೆರೆಸಿ ಕೊಟ್ಟರೆ ಸಾಕಾಗುತ್ತಿತ್ತು. ಆದರೆ ಅಷ್ಟರಲ್ಲಿ ಫ್ಯೂರನ್ಕ್ಯುಲೋಸಿಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ರೋಗ ಹರಡತೊಡಗಿತ್ತು. 1985ರಲ್ಲಿ ಸ್ಕಾಟ್ಲೆಂಡ್‌ನಿಂದ ತರಿಸಿದ ಮರಿಗಳ ಜೊತೆ ಅದು ನಾರ್ವೆಯ ಕಡಲತೀರಕ್ಕೆ ಬಂದಿತ್ತು. 1992ರ ಹೊತ್ತಿಗೆ 500ಕ್ಕೂ ಹೆಚ್ಚು ಸಾಕಣೆ ಕೇಂದ್ರಗಳಲ್ಲಿ ಅದು ಇತ್ತು. ಚರ್ಮದ ಮೇಲೆ ಕುರುವಿನಂಥ ಗಡ್ಡೆ ಏಳುತ್ತದೆ. ಎಷ್ಟೋ ಮೀನು ಗಡ್ಡೆ ಏಳುವ ಮೊದಲೇ ಸಾಯುತ್ತವೆ.

ಇದಕ್ಕೆ ಕಾರಣವಾದ ಬ್ಯಾಕ್ಟೀರಿಯಾದ ಹೆಸರು ಏರೋಮೊನಾಸ್ ಸಾಲ್ಮೊನಿಸಿಡಾ. ಅದರ ಮೈ ಮೇಲೆ ಪ್ರೋಟೀನ್‌ನ ಒಂದು ಗಟ್ಟಿ ಹೊದಿಕೆ ಇದೆ. ಆ ಹೊದಿಕೆ ಇರುವುದರಿಂದ ರಕ್ತದಲ್ಲಿರುವ ರಕ್ಷಣಾ ಪ್ರೋಟೀನ್‌ಗಳು ಅದನ್ನು ಸುಲಭವಾಗಿ ಕೊಲ್ಲಲಾರವು. ತನ್ನನ್ನು ನುಂಗಿದ ಕೋಶದ ಒಳಗೂ ಅದು ಬದುಕಿ ಉಳಿಯಬಲ್ಲದು. ಹೀಗಾಗಿ ನೀರಿನ ಲಸಿಕೆ ಇದಕ್ಕೆ ಸಾಲಲಿಲ್ಲ. ಮೀನಿನ ರಕ್ಷಣಾ ವ್ಯವಸ್ಥೆಯನ್ನು ತಿಂಗಳುಗಟ್ಟಲೆ ಎಚ್ಚರದಲ್ಲಿಡುವ ಏನೋ ಒಂದು ಬೇಕಿತ್ತು.

ಆ ಕೆಲಸಕ್ಕೆ ಸಿಕ್ಕಿದ್ದು ಖನಿಜ ಎಣ್ಣೆ. ಕೊಂದ ಬ್ಯಾಕ್ಟೀರಿಯಾ ಇರುವ ನೀರಿನ ಸಣ್ಣ ಸಣ್ಣ ಹನಿಗಳನ್ನು ಎಣ್ಣೆಯೊಳಗೆ ಹರಡಿ ಹಾಲಿನ ಬಣ್ಣದ ಎಮಲ್ಷನ್ ಮಾಡಿದರು. ಮರಿಗಳು ಇನ್ನೂ ಸಿಹಿನೀರಿನಲ್ಲಿ ಇರುವಾಗಲೇ ಲಸಿಕೆ ಹಾಕುತ್ತಾರೆ. ಆಗ ಒಂದು ಮರಿಯ ತೂಕ 30ರಿಂದ 70 ಗ್ರಾಂ. ಅರಿವಳಿಕೆ ಬೆರೆಸಿದ ನೀರಿನಲ್ಲಿ ಮರಿ ಮಂಕಾದ ಮೇಲೆ ಹೊಟ್ಟೆಯ ನಡುಗೆರೆಯಲ್ಲಿ, ಕೆಳಗಿನ ಜೋಡಿ ಈಜುರೆಕ್ಕೆಗಳಿಗಿಂತ ಸ್ವಲ್ಪ ಮುಂದೆ ಸೂಜಿ ಚುಚ್ಚುತ್ತಾರೆ.

ಆರಂಭದ ಡೋಸ್ 0.2 ಮಿಲಿ. ಕೇಳಲು ತೀರಾ ಕಡಿಮೆ. ಆದರೆ 50 ಗ್ರಾಂ ಮರಿಗೆ 0.2 ಮಿಲಿ ಎಂದರೆ, 50 ಕೆಜಿ ತೂಕದ ಮನುಷ್ಯನ ಹೊಟ್ಟೆಗೆ 200 ಮಿಲಿ ಚುಚ್ಚಿದ ಹಾಗೆ. ಈ ಪ್ರಮಾಣವನ್ನು ನೆನಪಿಟ್ಟುಕೊಳ್ಳಿ. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಕೋಶಗಳು ಬರುವ ರೀತಿ

ಮೀನಿನ ಹೊಟ್ಟೆಯ ಪೊಳ್ಳಿನಲ್ಲಿ ಮೊದಲಿನಿಂದಲೂ ಕೆಲವು ರಕ್ಷಣಾ ಕೋಶಗಳು ಓಡಾಡಿಕೊಂಡಿರುತ್ತವೆ. ಲಸಿಕೆ ಬಿದ್ದೊಡನೆ ಅವು ರಾಸಾಯನಿಕ ಸಂಕೇತ ಬಿಡುತ್ತವೆ. ಮೊದಲು ಓಡಿ ಬರುವುದು ನ್ಯೂಟ್ರೊಫಿಲ್‌ಗಳು. ಇವು ಬೇಗ ಬಂದು ಬೇಗ ಸಾಯುವ ಕೋಶಗಳು. ಅವುಗಳ ಹಿಂದೆ ಮ್ಯಾಕ್ರೊಫೇಜ್‌ಗಳು ಬರುತ್ತವೆ. ಇವು ದೊಡ್ಡವು, ನಿಧಾನ, ಜಾಸ್ತಿ ದಿನ ಬಾಳುತ್ತವೆ. ಸತ್ತ ನ್ಯೂಟ್ರೊಫಿಲ್‌ಗಳನ್ನು ತಿಂದು ಜಾಗ ತೆರವು ಮಾಡುವುದೂ ಇವೇ.

ಇನ್ನೂ ಒಂದು ಬಗೆಯ ಕೋಶ ಈ ಕೆಲಸದಲ್ಲಿ ಸೇರುತ್ತದೆ. ಬಿ ಕೋಶ ಎಂದರೆ ಪ್ರತಿಕಾಯ ತಯಾರಿಸುವ ಕೋಶ ಎಂದಷ್ಟೇ ನಾವು ಶಾಲೆಯಲ್ಲಿ ಓದಿದ್ದು. ಆದರೆ ಸಾಲ್ಮನ್‌ನ ಹತ್ತಿರದ ನೆಂಟ ರೇನ್‌ಬೋ ಟ್ರೌಟ್‌ನಲ್ಲಿ ಬಿ ಕೋಶಗಳು ಕಣಗಳನ್ನೂ ನುಂಗುತ್ತವೆ ಎಂದು 2006ರಲ್ಲಿ ಗೊತ್ತಾಯಿತು. ನುಂಗುವುದಷ್ಟೇ ಅಲ್ಲ, ಒಳಗೆ ಕೊಲ್ಲುತ್ತವೆ ಕೂಡ. ಪಠ್ಯಪುಸ್ತಕದ ಗೆರೆಯನ್ನು ಮೀನು ಅಳಿಸಿ ಬರೆದ ಇಂಥ ಸಂಗತಿಗಳು ನನಗೆ ತುಂಬ ಇಷ್ಟ.

ಈಗ ನುಂಗುವ ಕೆಲಸಕ್ಕೆ ಬರೋಣ. ಕೊಂದ ಬ್ಯಾಕ್ಟೀರಿಯಾದ ಉದ್ದ ಸುಮಾರು ಒಂದೆರಡು ಮೈಕ್ರಾನ್, ಅಂದರೆ ಮಿಲಿಮೀಟರ್‌ನ ಸಾವಿರದ ಒಂದೆರಡು ಭಾಗ. ಮ್ಯಾಕ್ರೊಫೇಜ್ ಅದಕ್ಕಿಂತ ಹತ್ತು ಪಟ್ಟು ದೊಡ್ಡದು. ಅದು ಎಲ್ಲ ಕಣವನ್ನೂ ಸುಮ್ನೆ ನುಂಗುವುದಿಲ್ಲ. ಮೊದಲು ಇದು ಹೊರಗಿನದು ಎಂದು ಗುರುತಿಸಬೇಕು. ಬ್ಯಾಕ್ಟೀರಿಯಾದ ಮೈ ಮೇಲಿನ ಸಕ್ಕರೆ, ಕೊಬ್ಬುಗಳ ವಿನ್ಯಾಸವನ್ನು ಹಿಡಿಯುವ ಗ್ರಾಹಿಗಳು ಮ್ಯಾಕ್ರೊಫೇಜ್ ಮೇಲೆ ಇವೆ. ಜೊತೆಗೆ ಕಾಂಪ್ಲಿಮೆಂಟ್ ಎಂಬ ರಕ್ತದ ಪ್ರೋಟೀನ್‌ಗಳು ಕಣಕ್ಕೆ ಅಂಟಿಕೊಂಡು ಗುರುತು ಹಾಕುತ್ತವೆ. ಗುರುತು ಬಿದ್ದ ಕಣವನ್ನು ಕೋಶ ಬೇಗ ಹಿಡಿಯುತ್ತದೆ.

ಹಿಡಿದ ಮೇಲೆ ಕೋಶದ ಪೊರೆ ಕಣದ ಸುತ್ತ ಬೆಳೆದು ಮುಚ್ಚಿಕೊಳ್ಳುತ್ತದೆ. ಕಣ ಒಂದು ಚೀಲದೊಳಗೆ ಸೇರುತ್ತದೆ. ಆ ಚೀಲಕ್ಕೆ ಲೈಸೋಸೋಮ್ ಎಂಬ, ಜೀರ್ಣಕ ಕಿಣ್ವಗಳಿರುವ ಇನ್ನೊಂದು ಚೀಲ ಬಂದು ಕೂಡಿಕೊಳ್ಳುತ್ತದೆ. ಒಳಗೆ ಆಮ್ಲ ಹೆಚ್ಚುತ್ತದೆ. ಪ್ರೋಟೀನ್, ಕೊಬ್ಬು, ಸಕ್ಕರೆಗಳನ್ನು ಕತ್ತರಿಸುವ ಕಿಣ್ವಗಳು ಸುರಿಯುತ್ತವೆ. ಅದೇ ಹೊತ್ತಿಗೆ ಕೋಶ ಆಕ್ಸಿಜನ್ ಬಳಸಿ ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್‌ನಂಥ ಸುಡುವ ರಾಸಾಯನಿಕಗಳನ್ನು ತಯಾರಿಸಿ ಚೀಲಕ್ಕೆ ಬಿಡುತ್ತದೆ. ಬ್ಯಾಕ್ಟೀರಿಯಾದ ಕಥೆ ಅಲ್ಲಿಗೆ ಮುಗಿಯಿತು. ಅದರ ಕೆಲವು ತುಣುಕುಗಳನ್ನು ಮಾತ್ರ ಕೋಶ ತನ್ನ ಮೇಲ್ಮೈಗೆ ತಂದು ಉಳಿದ ರಕ್ಷಣಾ ಕೋಶಗಳಿಗೆ ತೋರಿಸುತ್ತದೆ. ಪ್ರತಿಕಾಯ ತಯಾರಾಗುವುದು ಆ ಮೇಲೆ.

ಇದಕ್ಕೆಲ್ಲ ಎಷ್ಟು ದಿನ ಬೇಕು ಎಂದರೆ, ನೀರು ಎಷ್ಟು ತಣ್ಣಗಿದೆ ಎಂದು ಕೇಳಬೇಕು. ಮೀನಿನ ಮೈಬಿಸಿ ನೀರಿನ ಮೇಲೆ ನಿಂತಿದೆ. ಅದಕ್ಕೇ ಸಾಲ್ಮನ್ ಸಾಕುವವರು ನೀರಿನ ಬಿಸಿಯನ್ನು ದಿನಗಳಿಂದ ಗುಣಿಸುವ ಡಿಗ್ರಿ-ದಿನ ಎಂಬ ಲೆಕ್ಕ ಇಟ್ಟುಕೊಂಡಿದ್ದಾರೆ. ಲಸಿಕೆ ಹಾಕಿ ಸುಮಾರು 500 ಡಿಗ್ರಿ-ದಿನ ಕಳೆದ ಮೇಲೆ ಮರಿಗಳನ್ನು ಸಮುದ್ರಕ್ಕೆ ಬಿಡುತ್ತಾರೆ. ನೀರು 10 ಡಿಗ್ರಿ ಸೆಲ್ಸಿಯಸ್ ಇದ್ದರೆ 50 ದಿನ. 5 ಡಿಗ್ರಿ ಇದ್ದರೆ 100 ದಿನ.

ಹೊಟ್ಟೆಯಿಂದ ಕಿಡ್ನಿಗೆ

ಎಲ್ಲ ಕಣಗಳೂ ಹೊಟ್ಟೆಯಲ್ಲೇ ಉಳಿಯುವುದಿಲ್ಲ. ಒಂದಷ್ಟು ರಕ್ತಕ್ಕೆ ಸೇರುತ್ತವೆ. ಒಂದಷ್ಟನ್ನು ಮ್ಯಾಕ್ರೊಫೇಜ್‌ಗಳೇ ಹೊತ್ತು ಸಾಗುತ್ತವೆ. ನಮ್ಮಲ್ಲಾದರೆ ಇಂಥವು ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಹೋಗುತ್ತವೆ. ಮೀನಿಗೆ ದುಗ್ಧಗ್ರಂಥಿ ಇಲ್ಲ. ರಕ್ತಕೋಶ ತಯಾರಿಸುವ ಮೂಳೆಮಜ್ಜೆಯೂ ಇಲ್ಲ. ಎರಡರ ಕೆಲಸವನ್ನೂ ಬಹುಮಟ್ಟಿಗೆ ಕಿಡ್ನಿಯೇ ಮಾಡುತ್ತದೆ. ಅದರಲ್ಲೂ ತಲೆಯ ಕಡೆ ಇರುವ ಮುಂಭಾಗ.

ಬಂಗುಡೆ ಹಸನು ಮಾಡಿದವರಿಗೆಲ್ಲ ಈ ಕಿಡ್ನಿಯ ಪರಿಚಯ ಇದೆ. ಕರುಳು ತೆಗೆದ ಮೇಲೆ ಬೆನ್ನುಮುಳ್ಳಿನ ಉದ್ದಕ್ಕೂ ಅಂಟಿಕೊಂಡಿರುವ ಕಡುಗೆಂಪು ಪಟ್ಟಿ ಅದು. ಹೆಪ್ಪುಗಟ್ಟಿದ ರಕ್ತ ಎಂದುಕೊಂಡು ಬೆರಳಿನಿಂದ ಉಜ್ಜಿ ತೊಳೆದುಬಿಡುತ್ತೇವೆ. ಮೀನಿನ ರಕ್ತ ಹುಟ್ಟುವ ಜಾಗವೂ ಅದೇ, ಕಣ ಸೋಸುವ ಜಾಗವೂ ಅದೇ.

ಸಾಲ್ಮನ್ ಕಿಡ್ನಿಯಲ್ಲಿ ರಕ್ತ ಅಗಲವಾದ ಸಣ್ಣ ನಾಳಗಳಲ್ಲಿ ನಿಧಾನವಾಗಿ ಹರಿಯುತ್ತದೆ. ಆ ನಾಳಗಳ ಒಳಗೋಡೆಯ ಕೋಶಗಳೇ ಒಂದು ಬಗೆಯ ಶುಚಿ ಕೆಲಸ ಮಾಡುತ್ತವೆ. ಬ್ಯಾಕ್ಟೀರಿಯಾಗಿಂತ ತೀರಾ ಸಣ್ಣದಾದ ಕಣಗಳು, ರಕ್ತದಲ್ಲಿ ಕರಗಿದ ದೊಡ್ಡ ಅಣುಗಳು ಇವನ್ನೆಲ್ಲ ಅವು ಹೀರಿಕೊಳ್ಳುತ್ತವೆ. ದೊಡ್ಡ ಕಣ ಬಂದರೆ ಅದು ಮ್ಯಾಕ್ರೊಫೇಜ್‌ಗಳ ಪಾಲು. ಈ ಗೋಡೆಕೋಶಗಳು ಎಲ್ಲ ಮೀನಿನಲ್ಲೂ ಒಂದೇ ಕಡೆ ಇಲ್ಲ ಎನ್ನುವುದು ಇನ್ನೂ ಚೆಂದದ ಸಂಗತಿ. ಸಾಲ್ಮನ್ ಮತ್ತು ಕಾರ್ಪ್ ಮೀನುಗಳಲ್ಲಿ ಕಿಡ್ನಿಯಲ್ಲಿ. ಕಾಡ್ ಮೀನಿನಲ್ಲಿ ಹೃದಯದ ಒಳಪದರದಲ್ಲಿ. ತೊರಕೆಯಂಥ (ರೇ) ಮೀನುಗಳಲ್ಲಿ ಕಿವಿರಿನಲ್ಲಿ. ಕೆಲಸ ಒಂದೇ, ಜಾಗ ಬೇರೆ ಬೇರೆ. ಗುಲ್ಮದಲ್ಲಿ ಮತ್ತೊಂದು ಏರ್ಪಾಡು ಇದೆ. ಅಲ್ಲಿ ಸಣ್ಣ ಅಪಧಮನಿಗಳ ತುದಿಗೆ ಮ್ಯಾಕ್ರೊಫೇಜ್‌ಗಳ ಕವಚ ಇದ್ದು, ಹಾದುಹೋಗುವ ಕಣಗಳು ಅದರಲ್ಲಿ ಸಿಕ್ಕಿಬೀಳುತ್ತವೆ.

ಹಾಗಾದರೆ ಸಿಕ್ಕ ಕಣ ದೇಹದಿಂದ ಹೊರಗೆ ಹೋಗುತ್ತದೆಯೇ? ಇಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ. 1976ರಲ್ಲಿ ಪ್ಲೇಸ್ ಎಂಬ ಚಪ್ಪಟೆ ಮೀನಿನ ಹೊಟ್ಟೆಗೆ ಇಂಗಾಲದ ಕಣ ಚುಚ್ಚಿ, ಅದು ಎಲ್ಲಿಗೆ ಹೋಗುತ್ತದೆ ಎಂದು ವಿಜ್ಞಾನಿಗಳು ಹಿಂಬಾಲಿಸಿದರು. ಇಂಗಾಲವನ್ನು ಯಾವ ಕಿಣ್ವವೂ ಒಡೆಯಲಾರದು. ರಕ್ತವೇನೋ ಶುಚಿಯಾಯಿತು. ಆದರೆ ಕಣಗಳು ಕಿಡ್ನಿ ಮತ್ತು ಗುಲ್ಮದ ಮ್ಯಾಕ್ರೊಫೇಜ್‌ಗಳ ಒಳಗೆ ಸೇರಿಕೊಂಡು, ಕೊನೆಗೆ ಕಪ್ಪು ಬಣ್ಣದ ಮ್ಯಾಕ್ರೊಫೇಜ್ ಗುಂಪುಗಳಲ್ಲಿ ಜಮಾ ಆದವು. ನಮ್ಮ ಅಜ್ಜಿಯರ ಕೈ ಮೇಲಿನ ಹಚ್ಚೆ ಅಳಿಯದೆ ಉಳಿಯುವುದೂ ಹೀಗೆಯೇ. ಚರ್ಮದ ಮ್ಯಾಕ್ರೊಫೇಜ್‌ಗಳು ಆ ಬಣ್ಣವನ್ನು ನುಂಗಿ ಇಟ್ಟುಕೊಂಡಿರುತ್ತವೆ. ಒಂದು ಸತ್ತರೆ ಅದರ ಬಣ್ಣವನ್ನು ಇನ್ನೊಂದು ನುಂಗುತ್ತದೆ. ಜೀರ್ಣವಾಗದ ಕಣದ ಮಟ್ಟಿಗೆ ದೇಹದ ಶುಚಿತ್ವ ಎಂದರೆ ಇಷ್ಟೇ: ಓಡಾಡುವ ದಾರಿಯಿಂದ ತೆಗೆದು ಒಂದು ಕಡೆ ಭದ್ರವಾಗಿ ಇಡುವುದು.

ಎಣ್ಣೆ ಹನಿ ಎದುರಾದಾಗ

ಲಸಿಕೆಯ ಎಣ್ಣೆಯ ಕಷ್ಟ ಎರಡು ಕಡೆಯಿಂದ ಬಂತು. ಅದು ಇಂಗಾಲದ ಹಾಗೆ ಜೀರ್ಣವಾಗದ ವಸ್ತು. ಖನಿಜ ಎಣ್ಣೆ ಪೆಟ್ರೋಲಿಯಂನಿಂದ ಬಂದದ್ದು. ಮೀನಿನೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಒಡೆಯುವ ಕಿಣ್ವಗಳು ಇದರ ಮೇಲೆ ನಡೆಯುವುದಿಲ್ಲ. ಜೊತೆಗೆ ಅದು ಇಂಗಾಲದ ಪುಡಿಯ ಹಾಗೆ ಸಣ್ಣದಾಗಿರಲೂ ಇಲ್ಲ. ಕೋಶ ನುಂಗಬಲ್ಲ ಸಣ್ಣ ಹನಿಗಳೂ ಇದ್ದವು, ಕೋಶಕ್ಕಿಂತ ಎಷ್ಟೋ ದೊಡ್ಡದಾದ ಎಣ್ಣೆಯ ಮುದ್ದೆಗಳೂ ಇದ್ದವು. ಕಿಡ್ನಿಗೆ ಹೊತ್ತುಕೊಂಡು ಹೋಗಿ ಬಚ್ಚಿಡಲು ಆಗುವಂಥದ್ದಲ್ಲ.

ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಕಂಡದ್ದು ಹೀಗೆ. ಸಣ್ಣ ಹನಿಗಳನ್ನು ನುಂಗಿದ ಮ್ಯಾಕ್ರೊಫೇಜ್‌ಗಳು ಉಬ್ಬಿ, ಒಳಗೆಲ್ಲ ಗುಳ್ಳೆ ತುಂಬಿಕೊಂಡು ನೊರೆಯಂತಾಗಿದ್ದವು. ದೊಡ್ಡ ಹನಿಗಳ ಸುತ್ತ ಅವು ಪದರ ಪದರವಾಗಿ ಕೂತಿದ್ದವು. ಕೆಲವು ಒಂದಕ್ಕೊಂದು ಬೆಸೆದುಕೊಂಡು ಹಲವು ಕೋಶಕೇಂದ್ರಗಳಿರುವ ದೈತ್ಯ ಕೋಶಗಳಾಗಿದ್ದವು. ಅವುಗಳ ಸುತ್ತ ಲಿಂಫೋಸೈಟ್ ಎಂಬ ಬಿಳಿ ರಕ್ತಕೋಶಗಳು, ಅದರಾಚೆ ನಾರಿನ ಅಂಗಾಂಶ. ಇದಕ್ಕೆ ಗ್ರ್ಯಾನುಲೋಮಾ ಎನ್ನುತ್ತಾರೆ. ತಿನ್ನಲಾಗದ್ದನ್ನು ಸುತ್ತುವರಿದು ಬಂಧಿಸಿಡುವ ವಿಧಾನ ಇದು. ಕ್ಷಯರೋಗಿಯ ಶ್ವಾಸಕೋಶದಲ್ಲಿ ಕಾಣುವ ಗಂಟುಗಳೂ ಇದೇ ಜಾತಿಯವು.

ಹೊಟ್ಟೆಯ ಪೊಳ್ಳಿನಲ್ಲಿ ಇದು ನಡೆದಾಗ ಪಕ್ಕದ ಅಂಗಗಳೂ ಸಿಕ್ಕಿಹಾಕಿಕೊಳ್ಳುತ್ತವೆ. ಗುಲ್ಮದ ಮೇಲೊಂದು ಗಂಟು, ಕರುಳಿನ ಬುಡದಲ್ಲಿ ಬೆರಳಿನಂತೆ ಚಾಚಿಕೊಂಡ ಚೀಲಗಳ ಮೇಲೊಂದು ಗಂಟು, ಎರಡರ ನಡುವೆ ನಾರಿನ ಸೇತುವೆ. ಹಾಗೇ ಬೆಳೆದು ಎಲ್ಲ ಒಂದೇ ಮುದ್ದೆ. ಇದರ ಮೇಲೆ ಮೆಲನಿನ್ ಬೇರೆ. ಸಾಲ್ಮನ್‌ನ ಕೆಲವು ರಕ್ಷಣಾ ಕೋಶಗಳೇ ಈ ಕಪ್ಪು ಬಣ್ಣವನ್ನು ತಯಾರಿಸಬಲ್ಲವು. ಸುಡುವ ರಾಸಾಯನಿಕಗಳನ್ನು ಹೀರಿಕೊಳ್ಳುವ ಗುಣ ಮೆಲನಿನ್‌ಗೆ ಇದೆ. ಉರಿಯೂತ ತಣಿಯದ ಜಾಗದಲ್ಲಿ ಅದು ಸೇರುತ್ತಾ ಹೋಗುವುದಕ್ಕೆ ಇದು ಒಂದು ಕಾರಣ ಇರಬಹುದು.

ಲಸಿಕೆ ಕೆಲಸ ಮಾಡಿದ್ದೂ ಇದೇ ಗಂಟುಗಳ ಮೂಲಕ. ಎಣ್ಣೆಯೊಳಗೆ ಸಿಕ್ಕಿಕೊಂಡ ನೀರಿನ ಹನಿಗಳಲ್ಲಿ ಕೊಂದ ಬ್ಯಾಕ್ಟೀರಿಯಾ ಇನ್ನೂ ಇರುತ್ತಿತ್ತು. ಅದು ಸ್ವಲ್ಪ ಸ್ವಲ್ಪವೇ ಹೊರಬರುತ್ತಿತ್ತು. ಪ್ರತಿ ಸಲವೂ ಕೋಶಗಳು ತುಣುಕು ಹಿಡಿದು ತೋರಿಸುತ್ತಿದ್ದವು, ಪ್ರತಿಕಾಯ ಮತ್ತೆ ತಯಾರಾಗುತ್ತಿತ್ತು. ಒಂದೇ ಚುಚ್ಚುಮದ್ದು ಮೀನಿನ ಸಮುದ್ರದ ಬಾಳಿನುದ್ದಕ್ಕೂ ಕಾಪಾಡಿದ್ದು ಹೀಗೆ. ಕೋಶಗಳು ಎಣ್ಣೆಯನ್ನು ಬೇಗ ಮುಗಿಸಿಬಿಟ್ಟಿದ್ದರೆ ಆ ರಕ್ಷಣೆ ಅಷ್ಟು ಕಾಲ ನಿಲ್ಲುತ್ತಿರಲಿಲ್ಲ.

ಲಸಿಕೆ ಹಾಕುವ ಕೆಲಸಗಾರರಿಗೂ ಇದೇ ಪಾಡು ಬಂದದ್ದುಂಟು. ಸೂಜಿ ಜಾರಿ ಬೆರಳಿಗೆ ಎಣ್ಣೆ ಹೋದರೆ ಮನುಷ್ಯನ ಮ್ಯಾಕ್ರೊಫೇಜ್‌ಗಳೂ ಹೀಗೇ ವರ್ತಿಸುತ್ತವೆ. ಬೆರಳು ಊದಿಕೊಳ್ಳುತ್ತದೆ, ಗಂಟು ಕಟ್ಟುತ್ತದೆ, ಕೆಲವು ಸಲ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಮೀನಿಗೆ ಅಷ್ಟೇನೂ ಆಗಲಿಕ್ಕಿಲ್ಲ ಎನ್ನುವವರಿಗೆ ನಾನು ಈ ಬೆರಳಿನ ಉದಾಹರಣೆ ಕೊಡುತ್ತೇನೆ.

ಸೊನ್ನೆಯಿಂದ ಆರು

ತೊಂದರೆ ಇದೆ ಎಂದು ಹೇಳಿದರೆ ಸಾಲದು, ಅಳೆಯಬೇಕು. 1990ರ ದಶಕದ ಮಧ್ಯದಲ್ಲಿ ನಾರ್ವೆಯ ಮೀನುವೈದ್ಯರು ಸ್ಪೈಲ್‌ಬರ್ಗ್ ಅಂಕ ಎಂಬ ಪದ್ಧತಿ ರೂಪಿಸಿದರು. ಮೀನಿನ ಹೊಟ್ಟೆ ತೆರೆದು ಕಣ್ಣಲ್ಲಿ ನೋಡಿ 0ಯಿಂದ 6ರವರೆಗೆ ಅಂಕ ಕೊಡುವುದು. 0 ಎಂದರೆ ಏನೂ ಇಲ್ಲ. 1 ಎಂದರೆ ಸೂಜಿ ಚುಚ್ಚಿದ ಜಾಗದ ಹತ್ತಿರ ಚೂರು ಅಂಟು, ಮೀನು ಹಸನು ಮಾಡುವ ಸಾಮಾನ್ಯರ ಗಮನಕ್ಕೆ ಬರಲಿಕ್ಕಿಲ್ಲ. 2 ಎಂದರೆ ಸಣ್ಣ ಅಂಟು, ಅವರ ಗಮನಕ್ಕೆ ಬರಬಹುದು. 3ರಲ್ಲಿ ಅಂಟು ಹೊಟ್ಟೆಯ ಮುಂಭಾಗಕ್ಕೂ ಹರಡಿರುತ್ತದೆ. 4 ಎಂದರೆ ಅಂಗಗಳೆಲ್ಲ ಸೇರಿ ಒಂದೇ ಆದಂತೆ ಕಾಣುತ್ತವೆ. 5ರಲ್ಲಿ ಹೊಟ್ಟೆಯ ಒಳಪದರವೂ ದಪ್ಪವಾಗಿ ಮಂಜಾಗುತ್ತದೆ. 6 ಎಂದರೆ ಮಾಂಸ ಹರಿಯದೆ ಕರುಳು ತೆಗೆಯಲು ಆಗುವುದೇ ಇಲ್ಲ.

ಈ ಪದ್ಧತಿ ಇಡೀ ಉದ್ಯಮದ ಅಳತೆಗೋಲಾಯಿತು. ಅಂಕ ಕೊಡತೊಡಗಿದ ಮೇಲೆ ಕಾರಣಗಳೂ ಕಾಣತೊಡಗಿದವು. ಮರಿ ಎಷ್ಟು ಚಿಕ್ಕದೋ ಅಂಟು ಅಷ್ಟು ಜಾಸ್ತಿ. ಲಸಿಕೆ ಹಾಕುವಾಗ ನೀರು ಬೆಚ್ಚಗಿದ್ದರೂ ಜಾಸ್ತಿ. ಬೆಚ್ಚನೆಯ ನೀರಿನಲ್ಲಿ ಕೋಶಗಳು ಚುರುಕಾಗಿರುತ್ತವೆ, ಉರಿಯೂತವೂ ಚುರುಕಾಗಿಯೇ ಏಳುತ್ತದೆ. ಸೂಜಿ ಬಿದ್ದ ಜಾಗ, ಸೂಜಿಯ ಶುಚಿ ಇವೂ ಲೆಕ್ಕಕ್ಕೆ ಬರುತ್ತವೆ. ಲಸಿಕೆ ಹಾಕಿದ ಮೇಲೆ ಮರಿಗಳು ಕೆಲವು ದಿನ ಸರಿಯಾಗಿ ತಿನ್ನುವುದಿಲ್ಲ. ಕೆಲವು ಗುಂಪುಗಳಲ್ಲಿ ಬೆಳವಣಿಗೆ ಕುಂಠಿತವಾಯಿತು. ಬೆನ್ನುಮೂಳೆಯ ವಿಕಾರಕ್ಕೂ ಲಸಿಕೆಯ ಸಮಯಕ್ಕೂ ನಂಟಿರುವುದು ಕಂಡಿತು.

2008ರಲ್ಲಿ ಇನ್ನೂ ಗಂಭೀರವಾದ ವರದಿ ಬಂತು. ಎಣ್ಣೆ ಲಸಿಕೆ ಪಡೆದ ಕೆಲವು ಸಾಕಣೆ ಸಾಲ್ಮನ್‌ಗಳಲ್ಲಿ ತಮ್ಮದೇ ದೇಹದ ಅಂಶಗಳ ವಿರುದ್ಧ ಪ್ರತಿಕಾಯಗಳು ಸಿಕ್ಕವು. ವರ್ಷಗಟ್ಟಲೆ ಆರದ ಉರಿಯೂತ ರಕ್ಷಣಾ ವ್ಯವಸ್ಥೆಯನ್ನು ತನ್ನ ಮೇಲೆಯೇ ತಿರುಗಿಸಬಲ್ಲದು. ಈ ಪ್ರಕರಣದಲ್ಲಿ ನನ್ನ ಮನಸ್ಸಿಗೆ ಅತಿ ಹೆಚ್ಚು ನೋವು ಕೊಡುವ ಭಾಗ ಇದು. ಮೀನಿಗೆ ನೋವಾದರೆ ಕೂಗಲು ಬರುವುದಿಲ್ಲ. ಅದರ ಹೊಟ್ಟೆಯಲ್ಲಿ ಏನಾಗಿದೆ ಎಂದು ಕೊಂದು ಸೀಳಿದ ಮೇಲಷ್ಟೇ ನಮಗೆ ಗೊತ್ತಾಗುತ್ತದೆ.

ಎಣ್ಣೆ ಕಡಿಮೆಯಾದ ಬಗೆ

ಇಷ್ಟೆಲ್ಲ ಇದ್ದರೂ ಲಸಿಕೆ ಬಿಡಬೇಕಿತ್ತು ಎಂದು ನಾನು ಹೇಳಲಾರೆ. ಎಣ್ಣೆ ಲಸಿಕೆ ಬಂದ ಕೆಲವೇ ವರ್ಷಗಳಲ್ಲಿ ಫ್ಯೂರನ್ಕ್ಯುಲೋಸಿಸ್ ಹತೋಟಿಗೆ ಬಂತು. 1990ರ ದಶಕದ ಮಧ್ಯದ ಹೊತ್ತಿಗೆ ಆ್ಯಂಟಿಬಯಾಟಿಕ್ ಬಳಕೆ ವರ್ಷಕ್ಕೆ ಒಂದೆರಡು ಟನ್‌ಗೆ ಇಳಿದಿತ್ತು. ಉತ್ಪಾದನೆ ಮಾತ್ರ ಏರುತ್ತಲೇ ಹೋಯಿತು. ಈಗ ನಾರ್ವೆ ವರ್ಷಕ್ಕೆ ಹತ್ತು ಲಕ್ಷ ಟನ್‌ಗೂ ಹೆಚ್ಚು ಸಾಲ್ಮನ್ ಬೆಳೆಯುತ್ತದೆ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಮಂಜುಗಡ್ಡೆಯ ಮೇಲೆ ಕಾಣುವ ಕಿತ್ತಳೆ ಬಣ್ಣದ ಹೋಳುಗಳ ಹಿಂದೆಯೂ ಇದೇ ಕಥೆ ಇದೆ. ರೋಗ ಬಂದು ಸಾಯುವ ಮೀನಿನ ಸಂಕಟದ ಮುಂದೆ ಅಂಕ 2ರ ಅಂಟು ಸಣ್ಣದೇ. ಅಂಕ 5ರ ಅಂಟು ಸಣ್ಣದಲ್ಲ. ಹಾಗಾಗಿ ನಿಜವಾದ ಕೆಲಸ ಇದ್ದದ್ದು ಪ್ರಮಾಣವನ್ನು ಸರಿಪಡಿಸುವುದರಲ್ಲಿ.

ಅದು ನಡೆಯಿತು. ಡೋಸ್ 0.2 ಮಿಲಿಯಿಂದ 0.1ಕ್ಕೆ, ಆಮೇಲೆ ಕೆಲವು ಲಸಿಕೆಗಳಲ್ಲಿ 0.05ಕ್ಕೆ ಇಳಿಯಿತು. ಎಣ್ಣೆಯನ್ನು ಇನ್ನಷ್ಟು ಶುದ್ಧ ಮಾಡಿದರು. ಮರಿಯ ಗಾತ್ರ ನೋಡಿ, ನೀರಿನ ಬಿಸಿ ನೋಡಿ ಸೂಜಿ ಹಾಕುವುದು ರೂಢಿಯಾಯಿತು. ಮರಿಯ ಉದ್ದ ಅಳೆದು ತಾನೇ ಜಾಗ ಹುಡುಕಿ ಚುಚ್ಚುವ ಯಂತ್ರಗಳು ಬಂದವು. ಕೋಶಗಳಿಗೆ ಎದುರಾಗುವ ಎಣ್ಣೆ ನಾಲ್ಕನೇ ಒಂದು ಭಾಗಕ್ಕೆ ಇಳಿದರೆ ಗಂಟುಗಳೂ ಇಳಿಯುತ್ತವೆ. ಆದರೆ ಪೂರ್ತಿ ಇಲ್ಲವಾಗುವುದಿಲ್ಲ.

ಎಣ್ಣೆಯೇ ಇಲ್ಲದ ದಾರಿಯೂ ಒಂದಿದೆ. ಸಾಲ್ಮನ್‌ಗೆ ಬರುವ ಪ್ಯಾಂಕ್ರಿಯಾಸ್ ರೋಗಕ್ಕೆ ಒಂದು ಡಿಎನ್‌ಎ ಲಸಿಕೆಗೆ 2017ರಲ್ಲಿ ಯುರೋಪಿಯನ್ ಒಕ್ಕೂಟದ ಅನುಮತಿ ಸಿಕ್ಕಿತು. ಅದನ್ನು ಹೊಟ್ಟೆಗೆ ಚುಚ್ಚುವುದಿಲ್ಲ, ಬೆನ್ನಿನ ಮಾಂಸಕ್ಕೆ 0.05 ಮಿಲಿ ಕೊಡುತ್ತಾರೆ. ಮೀನಿನ ಕೋಶಗಳೇ ವೈರಸ್‌ನ ಪ್ರೋಟೀನ್ ತಯಾರಿಸಿ ರಕ್ಷಣಾ ವ್ಯವಸ್ಥೆಗೆ ತೋರಿಸುತ್ತವೆ. ಬಚ್ಚಿಡಬೇಕಾದ ಎಣ್ಣೆ ಅಲ್ಲಿ ಇಲ್ಲ. ಆದರೆ ಅದು ವೈರಸ್ ರೋಗದ ಲಸಿಕೆ. ಏರೋಮೊನಾಸ್ ಮತ್ತು ವಿಬ್ರಿಯೋ ಬ್ಯಾಕ್ಟೀರಿಯಾಗಳಿಗೆ ಸಾಲ್ಮನ್ ಮರಿಗಳ ಹೊಟ್ಟೆಗೆ ಇಂದಿಗೂ ಹೋಗುತ್ತಿರುವುದು ಎಣ್ಣೆಯ ಎಮಲ್ಷನ್. ಹಾಗಾಗಿ ಲಸಿಕೆ ಹಾಕಿದ ಮೇಲೂ ಗುಂಪಿನಿಂದ ಕೆಲವು ಮೀನು ಎತ್ತಿ, ಹೊಟ್ಟೆ ತೆರೆದು, 0ಯಿಂದ 6ರೊಳಗೆ ಒಂದು ಅಂಕ ಬರೆದಿಡುವ ಕೆಲಸ ನಡೆಯುತ್ತಲೇ ಇದೆ.